ಗಾಳಿಗೆ ಎದುರಾಗಿ ಬಂದ ಮರಳು

(ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ತೆರೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಲಿರುವುದು ಈಜಿಪ್ಟಿನ ಭೂವಿಜ್ಞಾನಿ ಫಾರೂಕ್ ಎಲ್-ಬಾಜ್ ಅವರ ಬಗ್ಗೆ. ಹುಟ್ಟಿದ ಊರು, ಓದಿದ ಶಾಲೆ ಅಂತ ಶುರು ಮಾಡಿದರೆ ನೀವು ಮೊಬೈಲ್ ತೆಗೆಯುತ್ತೀರಿ. ಅದಕ್ಕೇ ಮೊದಲು ಅವರ ತಲೆ ತಿಂದ ಒಂದು ಒಗಟನ್ನು ಮುಂದಿಡುತ್ತೇನೆ.

ಈ ನಕ್ಷೆ ನೋಡಿ. ಈಜಿಪ್ಟಿನ ಪಶ್ಚಿಮದಲ್ಲಿ, ಲಿಬಿಯಾದ ಗಡಿಗೆ ಒತ್ತಿಕೊಂಡು ಹಳದಿಯಾಗಿ ಕಾಣುತ್ತಿದೆಯಲ್ಲ, ಅದು ಗ್ರೇಟ್ ಸ್ಯಾಂಡ್ ಸೀ. ಹೆಸರೇ ಹೇಳುವ ಹಾಗೆ ಮರಳಿನ ಸಮುದ್ರ. ಸುಮಾರು 72,000 ಚದರ ಕಿಲೋಮೀಟರ್. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿನ ಮರಳು ದಿಬ್ಬಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ಮಲಗಿವೆ. ಕೆಲವು ಸಾಲುಗಳು ನೂರು ಕಿಲೋಮೀಟರ್ ದಾಟುತ್ತವೆ. ಗಾಳಿ ಬೀಸುವುದೂ ಅದೇ ದಿಕ್ಕಿನಲ್ಲಿ, ಉತ್ತರದಿಂದ ದಕ್ಷಿಣಕ್ಕೆ.

ಹಾಗಾದರೆ ಮರಳು ಬಂದದ್ದೂ ಉತ್ತರದಿಂದಲೇ ಇರಬೇಕು, ಅಲ್ವಾ? ಬಹಳ ಜನ ಹಾಗೇ ಅಂದುಕೊಂಡಿದ್ದರು. ಆದರೆ ಉತ್ತರದಲ್ಲಿರುವುದು ಹೆಚ್ಚಾಗಿ ಸುಣ್ಣಕಲ್ಲು. ದಿಬ್ಬಗಳಲ್ಲಿರುವುದು ಬೆಣಚುಕಲ್ಲಿನ ಮರಳು. ಸುಣ್ಣಕಲ್ಲನ್ನು ಎಷ್ಟು ಪುಡಿ ಮಾಡಿದರೂ ಬೆಣಚು ಬರುವುದಿಲ್ಲ. ಬೆಣಚು ಕೊಡಬಲ್ಲ ಮರಳುಗಲ್ಲು ಇರುವುದು ದಕ್ಷಿಣದಲ್ಲಿ. ಅಂದರೆ ಕಲ್ಲು ದಕ್ಷಿಣದ್ದು, ಮರಳು ಉತ್ತರದಲ್ಲಿ ಗುಡ್ಡೆಯಾಗಿದೆ, ಗಾಳಿ ಮಾತ್ರ ಉಲ್ಟಾ ದಿಕ್ಕಿನದು. ಗಾಳಿ ಹೊತ್ತು ತಂದಿರಲಾರದು. ಮತ್ತೆ ಯಾರು ತಂದರು?

ಬಾಜ್ ಅವರ ಉತ್ತರ: ನೀರು. ಈ ಉತ್ತರಕ್ಕೆ ಅವರು ಬಂದ ದಾರಿ ಚಂದ್ರನ ಮೇಲಿಂದ ಹಾದುಬಂತು. ಹಾಗಾಗಿ ಈಗ ಹುಟ್ಟಿದ ಊರಿಗೆ ಹೋಗದೆ ವಿಧಿಯಿಲ್ಲ.

1938ರಲ್ಲಿ, ನೈಲ್ ನದಿಯ ಮುಖಜ ಭೂಮಿಯ ಜಗಾಜಿಗ್ ಎಂಬ ಊರಿನಲ್ಲಿ ಹುಟ್ಟಿದರು. ಕೈರೋದ ಐನ್ ಶಮ್ಸ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಮತ್ತು ಭೂವಿಜ್ಞಾನ ಓದಿ 1958ರಲ್ಲಿ ಪದವಿ ಪಡೆದರು. ಆಮೇಲೆ ಅಮೆರಿಕದ ಮಿಸೌರಿ. ಅಲ್ಲಿನ ಸೀಸದ ಗಣಿ ಪ್ರದೇಶದ ಅದಿರುಗಳ ಮೇಲೆ ಕೆಲಸ ಮಾಡಿ 1964ರಲ್ಲಿ ಪಿಎಚ್‌ಡಿ. ನಂತರ ಎರಡು ವರ್ಷ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪಾಠ ಮಾಡಿದರು. ಗಮನಿಸಿ, ಇಲ್ಲಿಯವರೆಗೆ ಮರುಭೂಮಿಯ ಹೆಸರೇ ಇಲ್ಲ. ಅವರು ಅದಿರಿನ ಮನುಷ್ಯ. ತಾಯ್ನಾಡಿಗೆ ಮರಳಿ ಅದಿರುಗಳ ಅಧ್ಯಯನಕ್ಕೆ ಒಂದು ಕೇಂದ್ರ ಕಟ್ಟಬೇಕು ಎಂಬ ಕನಸಿತ್ತು. ಅದಕ್ಕಾಗಿ ಕಲ್ಲಿನ ಮಾದರಿಗಳನ್ನೂ ಕೂಡಿಹಾಕಿದ್ದರು. ಊರಿಗೆ ಬಂದರೆ ಸರ್ಕಾರ ಕೊಟ್ಟ ಕೆಲಸ ಸುಯೆಜ್‌ನಲ್ಲಿ ರಸಾಯನಶಾಸ್ತ್ರ ಕಲಿಸುವುದು. ಇಂಥ ಕಥೆ ನಮ್ಮಲ್ಲೂ ಕೇಳಿರುತ್ತೀರಿ, ಅದನ್ನು ಬೆಳೆಸುವುದು ಬೇಡ. ಸುಯೆಜ್ ಕೊಲ್ಲಿಯ ತೈಲದ ಕೆಲಸದಲ್ಲೂ ಕೆಲ ಕಾಲ ಇದ್ದರು. ಕೊನೆಗೆ ಮತ್ತೆ ಅಮೆರಿಕಕ್ಕೇ ಹೋಗಿ, ಅರ್ಜಿ ಮೇಲೆ ಅರ್ಜಿ ಹಾಕಿ, 1967ರಲ್ಲಿ ಬೆಲ್‌ಕಾಮ್ ಎಂಬ ಕಂಪನಿ ಸೇರಿದರು. ಅಪೊಲೊ ಯೋಜನೆಗೆ ಬೇಕಾದ ವಿಶ್ಲೇಷಣೆಗಳನ್ನು ನಾಸಾಗೆ ಮಾಡಿಕೊಡುತ್ತಿದ್ದ ಕಂಪನಿ ಅದು.

ಆಗ ಚಂದ್ರನ ಫೋಟೋಗಳು ರಾಶಿ ಬಿದ್ದಿದ್ದವು. 1966 ಮತ್ತು 1967ರಲ್ಲಿ ಐದು ಲೂನಾರ್ ಆರ್ಬಿಟರ್ ನೌಕೆಗಳು ಚಂದ್ರನನ್ನು ಸುತ್ತಿ ಹೆಚ್ಚುಕಡಿಮೆ ಪೂರ್ತಿ ಮೇಲ್ಮೈಯನ್ನು ಸೆರೆಹಿಡಿದಿದ್ದವು. ಬಾಜ್‌ಗೆ ಚಂದ್ರನ ಬಗ್ಗೆ ವಿಶೇಷವಾಗಿ ಏನೂ ಗೊತ್ತಿರಲಿಲ್ಲ. ಅವರು ಮಾಡಿದ್ದು ಸರಳ, ಆದರೆ ಯಾರಿಗೂ ಬೇಡವಾದ ಕೆಲಸ. ಕೂತು ಒಂದೊಂದೇ ಫೋಟೋ ನೋಡಿದರು. ಯಾವುದರಲ್ಲಿ ಏನಿದೆ ಅಂತ ಪಟ್ಟಿ ಮಾಡಿದರು. ಯಾವ ಬಗೆಯ ನೆಲ ಎಲ್ಲೆಲ್ಲಿದೆ, ಎಲ್ಲಿ ಇಳಿದರೆ ಹೊಸದೇನಾದರೂ ತಿಳಿಯುತ್ತದೆ ಎಂದು ವಿಂಗಡಿಸಿದರು. ಸ್ವಲ್ಪ ಕಾಲದಲ್ಲೇ ಇಳಿಯುವ ಜಾಗ ಆರಿಸುವ ಸಮಿತಿಗೆ ಕಾರ್ಯದರ್ಶಿಯಾದರು. ಫೋಟೋಗಳ ಮೇಲೆ ಅವರಷ್ಟು ಹಿಡಿತ ಇದ್ದವರು ಆಗ ಬಹಳ ಕಮ್ಮಿ.

ಇನ್ನೊಂದು ಕೆಲಸ ಗಗನಯಾತ್ರಿಗಳಿಗೆ ಪಾಠ. ಇಬ್ಬರು ಚಂದ್ರನ ನೆಲಕ್ಕೆ ಇಳಿಯುತ್ತಾರೆ, ಒಬ್ಬರು ಮೇಲೆ ಸುತ್ತುತ್ತಾ ಇರುತ್ತಾರೆ ಅಲ್ವಾ? ಆ ಮೂರನೆಯವರಿಗೆ ಬಾಜ್ ಮೇಷ್ಟ್ರು. ಕ್ಯಾಮೆರಾ ಇರುವಾಗ ಕಣ್ಣಿಂದ ನೋಡುವುದು ಯಾಕೆ ಎಂದು ಕೆಲವರು ಕೇಳುತ್ತಿದ್ದರು. ಬಣ್ಣದ ಸಣ್ಣ ವ್ಯತ್ಯಾಸ ಫಿಲಂಗಿಂತ ಪಳಗಿದ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ ಎನ್ನುವುದು ಬಾಜ್ ವಾದ. ಇದು ಬರಿಯ ಮಾತಾಗಿ ಉಳಿಯಲಿಲ್ಲ. 1971ರಲ್ಲಿ ಅಪೊಲೊ 15ರ ಆಲ್ ವೋರ್ಡನ್ ಕಕ್ಷೆಯಿಂದ ನೋಡುತ್ತಾ, ಲಿಟ್ರೋ ಎಂಬ ಕಡೆ ಸಣ್ಣ ಕಪ್ಪು ಶಂಕುಗಳು ಕಾಣುತ್ತಿವೆ, ಜ್ವಾಲಾಮುಖಿಯ ಬೂದಿಗುಡ್ಡೆಗಳಂತಿವೆ ಎಂದು ವರದಿ ಮಾಡಿದರು. ಅಪೊಲೊ 17 ಅದೇ ಪ್ರದೇಶದಲ್ಲಿ ಇಳಿಯಲು ಅದೂ ಒಂದು ಕಾರಣವಾಯಿತು. ಅಲ್ಲಿ 1972ರ ಡಿಸೆಂಬರ್‌ನಲ್ಲಿ ಗಗನಯಾತ್ರಿ ಹ್ಯಾರಿಸನ್ ಸ್ಮಿತ್ ಅವರಿಗೆ ಸಿಕ್ಕಿದ್ದು ಆ ಪ್ರಸಿದ್ಧ ಕಿತ್ತಳೆ ಬಣ್ಣದ ಮಣ್ಣು. ಅದರಲ್ಲಿದ್ದದ್ದು 350 ಕೋಟಿ ವರ್ಷಕ್ಕೂ ಹಿಂದೆ ಜ್ವಾಲಾಮುಖಿ ಉಗುಳಿದ ಗಾಜಿನ ಕಣಗಳು. ಆ ಮಣ್ಣು ಸಿಕ್ಕ ಕುಳಿ ಮಾತ್ರ ಜ್ವಾಲಾಮುಖಿಯದಲ್ಲ, ಉಲ್ಕೆ ಬಡಿದು ಆದದ್ದು. ಹಳೇ ಗಾಜನ್ನು ಉಲ್ಕೆ ಕೆದಕಿ ಮೇಲೆ ಹಾಕಿತ್ತು. ದೂರದಿಂದ ನೋಡಿದ್ದು ಅರ್ಧ ಸರಿ, ಉಳಿದರ್ಧಕ್ಕೆ ಕಾಲಿಟ್ಟು ನೋಡಬೇಕಾಯಿತು. ಬಾಜ್ ಅವರ ಮುಂದಿನ ಎಲ್ಲ ಕೆಲಸದಲ್ಲೂ ಈ ಎರಡರ ನಡುವಿನ ಜಗ್ಗಾಟ ಕಾಣುತ್ತದೆ.

ಅಪೊಲೊ ಮುಗಿಯಿತು. 1973ರಲ್ಲಿ ಅವರು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್‌ಗೆ ಬಂದು ಭೂಮಿ ಮತ್ತು ಗ್ರಹಗಳ ಅಧ್ಯಯನಕ್ಕೆ ಒಂದು ಕೇಂದ್ರ ಕಟ್ಟಿದರು. ಚಂದ್ರನಿಂದ ಮರುಭೂಮಿಗೆ ಹೊರಳಿದ್ದು ಇಲ್ಲೇ. 1975ರಲ್ಲಿ ಅಮೆರಿಕದ ಅಪೊಲೊ ಮತ್ತು ಸೋವಿಯತ್ ಒಕ್ಕೂಟದ ಸೋಯುಜ್ ಆಕಾಶದಲ್ಲಿ ಜೋಡಿಯಾದವು. ಪತ್ರಿಕೆಗಳಿಗೆ ಅದು ಎರಡು ದೇಶಗಳ ಕೈಕುಲುಕಾಟ. ಬಾಜ್‌ಗೆ ಅದು ಭೂಮಿಯ ಮರುಭೂಮಿಗಳನ್ನು ಮೇಲಿಂದ ನೋಡುವ ಅವಕಾಶ. ಭೂವೀಕ್ಷಣೆಯ ಪ್ರಯೋಗದ ಮುಖ್ಯಸ್ಥ ಅವರೇ. ಯಾತ್ರಿಗಳ ಕೈಗೆ ಬಣ್ಣಗಳ ಒಂದು ಚಕ್ರ ಕೊಟ್ಟಿದ್ದರು. ಕೆಳಗೆ ಕಾಣುವ ಮರಳಿನ ಬಣ್ಣ ಅದರಲ್ಲಿ ಯಾವುದಕ್ಕೆ ಹೊಂದುತ್ತದೆ ಎಂದು ಗುರುತಿಸಬೇಕು. ಯಾಕೆ ಗೊತ್ತಾ? ಮರಳಿನ ಕಣಕ್ಕೆ ಕಾಲ ಕಳೆದ ಹಾಗೆ ಕಬ್ಬಿಣದ ತುಕ್ಕಿನ ತೆಳು ಪದರ ಹತ್ತುತ್ತದೆ. ಹೆಚ್ಚು ಕೆಂಪಾದಷ್ಟೂ ಅದು ಅಲ್ಲಿ ಹಳೆಯದಾಗಿರುವ ಸಾಧ್ಯತೆ ಜಾಸ್ತಿ. ಹಾಗಾಗಿ ಬಣ್ಣ ಓದಿದರೆ ಮರಳಿನ ಚರಿತ್ರೆಯ ಒಂದು ತುಣುಕು ಓದಿದ ಹಾಗೆ.

ಆ ಕಾಲಕ್ಕೆ ಮಂಗಳದಿಂದಲೂ ಚಿತ್ರಗಳು ಬರತೊಡಗಿದ್ದವು. 1976ರಲ್ಲಿ ವೈಕಿಂಗ್ ನೌಕೆಗಳು ಕಳಿಸಿದ ಚಿತ್ರಗಳಲ್ಲಿ ಕುಳಿಗಳ ಹಿಂದೆ ಗಾಳಿ ಎಳೆದ ಉದ್ದುದ್ದ ಗೆರೆಗಳಿದ್ದವು. ಇಂಥದ್ದೇ ಗೆರೆಗಳು ಈಜಿಪ್ಟಿನ ನೈಋತ್ಯ ಮೂಲೆಯಲ್ಲೂ ಉಪಗ್ರಹ ಚಿತ್ರಗಳಲ್ಲಿ ಕಾಣುತ್ತಿದ್ದವು. ಅಲ್ಲಿ ಗಿಲ್ಫ್ ಕೆಬೀರ್ ಎಂಬ ಮರಳುಗಲ್ಲಿನ ಎತ್ತರದ ಪ್ರಸ್ಥಭೂಮಿಯಿದೆ. ಅದರಾಚೆ ಈಜಿಪ್ಟ್, ಲಿಬಿಯಾ, ಸುಡಾನ್ ಮೂರೂ ಸೇರುವ ಕಡೆ ಉವೈನಾತ್ ಎಂಬ ಬೆಟ್ಟ. ಭೂಮಿಯ ಮೇಲೆ ಇದಕ್ಕಿಂತ ಒಣಗಿದ ಜಾಗ ಹುಡುಕುವುದು ಕಷ್ಟ. 1978ರಲ್ಲಿ ಬಾಜ್ ಒಂದು ತಂಡ ಕಟ್ಟಿಕೊಂಡು ಅಲ್ಲಿಗೆ ಹೋದರು. ಮಂಗಳ ಗ್ರಹ ಓದುವವರು, ಮರಳು ಓದುವವರು, ಹಳೇ ಕಲ್ಲಿನ ಆಯುಧ ಓದುವವರು ಎಲ್ಲ ಅದರಲ್ಲಿದ್ದರು.

ಗಾಳಿಯ ಕೆಲಸ ನೋಡಲು ಹೋದವರ ಎದುರಿಗೆ ಹೆಜ್ಜೆಹೆಜ್ಜೆಗೂ ನೀರಿನ ಗುರುತುಗಳು. ಗಿಲ್ಫ್ ಕೆಬೀರ್‌ನ ಅಂಚನ್ನು ಕೊರೆದಿರುವುದು ಆಳವಾದ ಕಣಿವೆಗಳು. ಗಾಳಿ ಅಂಥ ಕಣಿವೆ ಕೊರೆಯುವುದಿಲ್ಲ. ಉವೈನಾತ್‌ನ ಬಂಡೆಗಳ ಮೇಲೆ ದನಗಳ ಚಿತ್ರ, ಜಿರಾಫೆಯ ಚಿತ್ರ. ಅವನ್ನು 1923ರಲ್ಲೇ ಒಂಟೆಯ ಮೇಲೆ ಬಂದ ಈಜಿಪ್ಟಿನ ಹಸನೈನ್ ಬೇ ಹೊರಜಗತ್ತಿಗೆ ತಿಳಿಸಿದ್ದರು. ಮೇವಿಲ್ಲದ ಕಡೆ ಯಾರೂ ದನ ಕಟ್ಟುವುದಿಲ್ಲ. ಸಹಾರಾ ಸುಮಾರು 11,000 ವರ್ಷಗಳ ಹಿಂದಿನಿಂದ 5,000 ವರ್ಷಗಳ ಹಿಂದಿನವರೆಗೆ ಮಳೆ ಬೀಳುವ ಹುಲ್ಲುಗಾವಲಾಗಿತ್ತು ಎನ್ನುವುದು ಇವತ್ತು ಎಲ್ಲರೂ ಒಪ್ಪುವ ಮಾತು. ಅದಕ್ಕೂ ಹಿಂದೆ ಇಂಥ ಮಳೆಗಾಲಗಳು ಹಲವು ಸಲ ಬಂದು ಹೋಗಿವೆ.

ಇಲ್ಲಿಗೆ ಆ ಒಗಟು ಬಿಡಿಸಿಕೊಳ್ಳುತ್ತದೆ. ಬಾಜ್ ಹೇಳಿದ್ದು ಇಷ್ಟು. ಮಳೆಯ ಕಾಲದಲ್ಲಿ ದಕ್ಷಿಣದ ಮರಳುಗಲ್ಲಿನ ಗುಡ್ಡಗಳನ್ನು ನದಿಗಳು ಸವೆಸಿದವು. ಆ ಮರಳನ್ನು ಉತ್ತರಕ್ಕೆ ಹೊತ್ತೊಯ್ದು ತಗ್ಗು ಪ್ರದೇಶಗಳಲ್ಲಿ ಸುರಿದವು. ಅಲ್ಲಿ ಕೆರೆಗಳಾದವು. ಕೆರೆಯ ನೀರು ಕೆಳಗಿನ ಕಲ್ಲಿಗೆ ಇಂಗಿತು. ಆಮೇಲೆ ಮಳೆ ನಿಂತಿತು. ತಗ್ಗಿನಲ್ಲಿ ಬಿದ್ದಿದ್ದ ಮರಳಿಗೆ ಈಗ ಗಾಳಿ ಕೈಹಾಕಿ ದಿಬ್ಬಗಳ ಆಕಾರ ಕೊಟ್ಟಿತು. ಅಂದರೆ ಮರಳು ತಂದದ್ದು ನೀರು, ಜೋಡಿಸಿದ್ದು ಗಾಳಿ.

ಇದು ಸುಮ್ನೆ ಭೂತಕಾಲದ ಕಥೆಯಾಗಿದ್ದರೆ ನಾಲ್ಕು ಜನ ಪ್ರೊಫೆಸರ್‌ಗಳು ಓದಿ ಬಿಡುತ್ತಿದ್ದರು. ಆದರೆ ಇದರ ಇನ್ನೊಂದು ತುದಿ ನೋಡಿ. ಮರಳು ಗುಡ್ಡೆಯಾದ ಕಡೆ ಒಮ್ಮೆ ನೀರು ನಿಂತಿತ್ತು ಎಂದಾದರೆ, ನೀರು ಹುಡುಕಬೇಕಾದ್ದೂ ಆ ಮರಳಿನ ಕೆಳಗೇ. ಮರುಭೂಮಿಯಲ್ಲಿ ಎಲ್ಲಿ ಮರಳು ಜಾಸ್ತಿಯೋ ಅಲ್ಲಿ ಜನ ಹೋಗುವುದಿಲ್ಲ. ಅಲ್ಲೇ ಹೋಗಿ ಕೊರೆಯಿರಿ ಎಂದರು ಬಾಜ್.

ಈ ಮಾತಿಗೆ ದೊಡ್ಡ ಬಲ ಬಂದದ್ದು ಬೇರೆಯವರ ಕೆಲಸದಿಂದ. 1981ರ ನವೆಂಬರ್‌ನಲ್ಲಿ ಕೊಲಂಬಿಯಾ ಷಟಲ್, ಅಂದರೆ ಅಮೆರಿಕದ ಬಾಹ್ಯಾಕಾಶ ನೌಕೆ, ಒಂದು ರಾಡಾರ್ ಹೊತ್ತು ಹೋಯಿತು. ಅಲೆಯ ಉದ್ದ ಸುಮಾರು 23 ಸೆಂಟಿಮೀಟರ್. ಒದ್ದೆ ಮಣ್ಣಾದರೆ ಈ ಅಲೆ ಮೇಲೆಯೇ ನಿಂತುಬಿಡುತ್ತದೆ. ಪೂರ್ವ ಸಹಾರಾದ ಮರಳು ಎಷ್ಟು ಒಣಗಿದೆ ಎಂದರೆ, ಅಲೆ ಕೆಲವು ಮೀಟರ್ ಒಳಗೆ ಇಳಿದು ಕೆಳಗಿನ ಕಲ್ಲಿಗೆ ತಾಗಿ ವಾಪಸ್ ಬಂತು. ಫೋಟೋದಲ್ಲಿ ಬರೀ ಮರಳಿನ ಬಯಲಾಗಿ ಕಂಡ ಕಡೆ ರಾಡಾರ್ ಚಿತ್ರದಲ್ಲಿ ಅಗಲವಾದ ನದಿ ಕಣಿವೆಗಳು ಮೂಡಿದವು. 1982ರಲ್ಲಿ ಇದನ್ನು ಪ್ರಕಟಿಸಿದ ಜಾನ್ ಮೆಕಾಲೆ ತಂಡದಲ್ಲಿ 1978ರ ಯಾತ್ರೆಗೆ ಹೋಗಿದ್ದವರೂ ಇದ್ದರು. ಬಾಜ್ ಹೆಸರು ಅದರಲ್ಲಿ ಇಲ್ಲ. ಎಷ್ಟೋ ಲೇಖನಗಳಲ್ಲಿ ಈ ಶೋಧವನ್ನೂ ಅವರ ಖಾತೆಗೆ ಹಾಕಿಬಿಡುತ್ತಾರೆ, ಅದು ಸರಿಯಲ್ಲ. ಆಮೇಲೆ ಬಂದ ರಾಡಾರ್ ಚಿತ್ರಗಳನ್ನು ಹಿಡಿದು ಬಾಜ್ ಮುಂದುವರಿದದ್ದು ನಿಜ. ಲಿಬಿಯಾದ ಕುಫ್ರಾ ಓಯಸಿಸ್ ಕಡೆಗೆ ಹರಿಯುತ್ತಿದ್ದ ಹಳೇ ನದಿಯ ಜಾಡನ್ನು 1994ರ ಷಟಲ್ ರಾಡಾರ್ ಚಿತ್ರಗಳಲ್ಲಿ ಗುರುತಿಸಿದವರಲ್ಲಿ ಅವರೂ ಒಬ್ಬರು.

1978ರಿಂದ 1981ರವರೆಗೆ ಅವರು ಅಧ್ಯಕ್ಷ ಅನ್ವರ್ ಸಾದತ್ ಅವರಿಗೆ ವಿಜ್ಞಾನ ಸಲಹೆಗಾರ. ನೈಲ್ ಕಣಿವೆಯ ಹೊರಗೆ ಎಲ್ಲಿ ಬೆಳೆ ತೆಗೆಯಬಹುದು ಎನ್ನುವುದೇ ಅವರ ಮುಂದಿದ್ದ ಪ್ರಶ್ನೆ. ಅವರು ಬೊಟ್ಟು ಮಾಡಿದ ಜಾಗಗಳಲ್ಲಿ ಪೂರ್ವ ಉವೈನಾತ್ ಒಂದು. ಇವತ್ತು ಅಲ್ಲಿ ನೂರಾರು ಕೊಳವೆಬಾವಿಗಳಿವೆ. ಉಪಗ್ರಹದ ಚಿತ್ರದಲ್ಲಿ ಹಸಿರು ವೃತ್ತಗಳು ಸಾಲಾಗಿ ಕಾಣುತ್ತವೆ. ನಡುವಿನ ಬಾವಿಯ ಸುತ್ತ ತಿರುಗುವ ಕೊಳವೆ ನೀರು ಸಿಂಪಡಿಸುವುದರಿಂದ ಗೋಧಿಯ ಹೊಲ ದುಂಡಗಿದೆ.

ನಮ್ಮಲ್ಲಿ ಕೋಲಾರದ ಕಡೆ ಬೋರ್ ಹಾಕಿದರೆ ನೀರು ಸಿಗುವುದು ಗಟ್ಟಿ ಬಂಡೆಯ ಬಿರುಕಿನಲ್ಲಿ. ಬಿರುಕು ತಪ್ಪಿದರೆ ದುಡ್ಡು ಹೋಯಿತು. ಅಲ್ಲಿ ಹಾಗಲ್ಲ. ನೂಬಿಯನ್ ಮರಳುಗಲ್ಲಿನ ಕಣಕಣದ ನಡುವೆ ನೀರಿದೆ. ಈಜಿಪ್ಟ್, ಲಿಬಿಯಾ, ಸುಡಾನ್, ಚಾಡ್ ನಾಲ್ಕು ದೇಶಗಳ ಕೆಳಗೆ ಸುಮಾರು 20 ಲಕ್ಷ ಚದರ ಕಿಲೋಮೀಟರ್ ಹಬ್ಬಿದೆ. ಆದರೆ ಆ ನೀರಿನ ವಯಸ್ಸು ಕೇಳಿ. ಕ್ರಿಪ್ಟಾನ್ ಎಂಬ ಅನಿಲದ ವಿಕಿರಣಶೀಲ ಪರಮಾಣುಗಳನ್ನು ಎಣಿಸಿ 2004ರಲ್ಲಿ ಪ್ರಕಟವಾದ ಅಧ್ಯಯನ ಈಜಿಪ್ಟಿನ ಬಾವಿಗಳ ನೀರಿಗೆ ಎರಡು ಲಕ್ಷದಿಂದ ಹತ್ತು ಲಕ್ಷ ವರ್ಷ ವಯಸ್ಸು ಹೇಳಿತು. ಇವತ್ತಿನ ಮಳೆ ಅದನ್ನು ತುಂಬುವುದಿಲ್ಲ. ಎತ್ತಿದಷ್ಟು ಖಾಲಿ. ಬಾಜ್ ಅವರ ಬರಹಗಳಲ್ಲಿ ನೀರು ಸಿಕ್ಕುವ ಉತ್ಸಾಹ ಎಷ್ಟಿದೆಯೋ, ಅದು ತೀರುವ ಲೆಕ್ಕ ಅಷ್ಟು ಜೋರಾಗಿ ಕೇಳುವುದಿಲ್ಲ. ಇದು ನನ್ನ ತಕರಾರು.

1986ರಲ್ಲಿ ಅವರು ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ರಿಮೋಟ್ ಸೆನ್ಸಿಂಗ್, ಅಂದರೆ ದೂರದಿಂದಲೇ ನೆಲ ಓದುವ ವಿದ್ಯೆಯ ಕೇಂದ್ರ ಶುರು ಮಾಡಿದರು. ಮರುವರ್ಷ ಗೀಜಾದಲ್ಲಿ ಖುಫು ದೊರೆಯ ಪಿರಮಿಡ್ಡಿನ ಪಕ್ಕ ಹೂತಿಟ್ಟ ಎರಡನೇ ದೋಣಿಯ ಗುಂಡಿಗೆ ತೂತು ಕೊರೆದು, ಒಳಗಿನ ಗಾಳಿ ಸಾವಿರಾರು ವರ್ಷ ಹಳೆಯದಿರಬಹುದೇ ಎಂದು ಪರೀಕ್ಷಿಸಿದರು. ಗಾಳಿ ಹೊರಗಿನದೇ ಸೋರಿ ಬಂದದ್ದಾಗಿತ್ತು. ದೋಣಿ ಮಾತ್ರ ಇತ್ತು. ಇದು ದಾರಿ ಬಿಟ್ಟ ಮಾತು, ಆದರೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನನಗೆ ಅವರ ಕೆಲಸದಲ್ಲಿ ತುಂಬಾ ಇಷ್ಟವಾಗುವುದು ಕುವೈತಿನದು. 1991ರ ಯುದ್ಧದಲ್ಲಿ ಆರುನೂರಕ್ಕೂ ಹೆಚ್ಚು ತೈಲಬಾವಿಗಳು ಹೊತ್ತಿ ಉರಿದವು. ಜಗತ್ತೆಲ್ಲ ಹೊಗೆ ನೋಡುತ್ತಿತ್ತು. ಬಾಜ್ ಕಣ್ಣು ನೆಲದ ಮೇಲಿತ್ತು. ಅಲ್ಲಿನ ಬಯಲಿನ ಮೇಲೆ ಸಣ್ಣ ಉರುಟುಕಲ್ಲುಗಳ ಒಂದು ಹೊದಿಕೆ ಇರುತ್ತದೆ. ಮೊರದಲ್ಲಿ ಕೇರಿದ ಹಾಗೆ ಗಾಳಿ ನುಣ್ಣನೆಯದನ್ನೆಲ್ಲ ಹಾರಿಸಿ ದಪ್ಪದನ್ನು ಉಳಿಸಿರುತ್ತದೆ. ಇದಕ್ಕೆ ಎಷ್ಟೋ ಕಾಲ ಹಿಡಿಯುತ್ತದೆ. ಒಮ್ಮೆ ಹೊದಿಕೆ ಕೂತಿತೆಂದರೆ ಕೆಳಗಿನ ಮರಳು ಏಳುವುದಿಲ್ಲ. ಸೈನ್ಯಗಳು ಕಂದಕ ತೋಡಿದವು, ಮಣ್ಣಿನ ಒಡ್ಡು ಹಾಕಿದವು, ಟ್ಯಾಂಕ್ ಓಡಿಸಿದವು. ಹೊದಿಕೆ ಹರಿಯಿತು. ಅಡಗಿದ್ದ ಮರಳು ಗಾಳಿಗೆ ಸಿಕ್ಕಿ ಹೊಸ ದಿಬ್ಬಗಳಾಗಿ ಓಡಾಡತೊಡಗಿತು. ಇನ್ನೊಂದೆಡೆ ಎಣ್ಣೆಯ ಹನಿ, ಮಸಿ, ಮರಳು ಸೇರಿ ನೆಲದ ಮೇಲೆ ಗಟ್ಟಿ ಕಪ್ಪು ಪದರವಾಯಿತು. ಬೆಂಕಿ ಆ ವರ್ಷವೇ ಆರಿತು, ನೆಲದ ಗಾಯ ಉಳಿಯಿತು. ಯುದ್ಧದ ಹಾನಿಯನ್ನು ಭೂವಿಜ್ಞಾನದ ಲೆಕ್ಕದಲ್ಲಿ ಹೀಗೆ ಅಳೆದವರು ಆಗ ಕಡಿಮೆ.

ಅದೇ ಕುವೈತಿನಲ್ಲಿ ಇನ್ನೊಂದು ನೀರಿನ ಕಥೆ ಸಿಕ್ಕಿತು. ಅಲ್ಲಿನ ಉರುಟುಕಲ್ಲುಗಳು ಗ್ರಾನೈಟು, ಬಸಾಲ್ಟು. ಕುವೈತಿನಲ್ಲಿ ಅಂಥ ಬಂಡೆಯೇ ಇಲ್ಲ. ಇರುವುದು ಅರೇಬಿಯಾದ ಆ ಕಡೆ, ಹಿಜಾಜ್ ಬೆಟ್ಟಗಳಲ್ಲಿ. ಉಪಗ್ರಹ ಚಿತ್ರದಲ್ಲಿ ವಾದಿ ಅಲ್-ಬಾತಿನ್ ಎಂಬ ಒಣ ಕಣಿವೆಯನ್ನು ಹಿಮ್ಮುಖವಾಗಿ ಹಿಡಿದು ಹೋದರೆ ಅದು ದಿಬ್ಬಗಳ ಕೆಳಗೆ ಮಾಯವಾಗುತ್ತದೆ, ಆಚೆ ಮತ್ತೆ ಏಳುತ್ತದೆ. 1993ರಲ್ಲಿ ಬಾಜ್ ಇದನ್ನು ಅರೇಬಿಯಾವನ್ನೇ ಅಡ್ಡ ಹಾಯ್ದು ಹರಿಯುತ್ತಿದ್ದ ಒಂದು ಮಹಾನದಿ ಎಂದರು.

ಎಲ್ಲವೂ ಹೀಗೆ ಗಟ್ಟಿಯಾಗಿ ನಿಂತಿಲ್ಲ. 2006ರಲ್ಲಿ ಅವರೂ ಎಮಾನ್ ಘೋನೀಮ್ ಎಂಬ ಸಹೋದ್ಯೋಗಿಯೂ ಈಜಿಪ್ಟ್-ಲಿಬಿಯಾ ಗಡಿಯಲ್ಲಿ 31 ಕಿಲೋಮೀಟರ್ ಅಗಲದ ಉಲ್ಕಾಕುಳಿ ಗುರುತಿಸಿದ್ದಾಗಿ ಹೇಳಿ ಕೆಬೀರಾ ಎಂದು ಹೆಸರಿಟ್ಟರು. ಆ ಮರುಭೂಮಿಯಲ್ಲಿ ಸಿಗುವ ಹಳದಿ ಗಾಜಿನ ಮೂಲ ಇದೇ ಇರಬಹುದು ಎಂದರು. ಟುಟಾಂಖಾಮುನ್ ದೊರೆಯ ಎದೆಯ ಆಭರಣದಲ್ಲಿರುವ ಜೀರುಂಡೆ ಕೆತ್ತಿದ್ದು ಆ ಗಾಜಿನಲ್ಲೇ. ಕಥೆ ಚೆನ್ನಾಗಿದೆ. ಆದರೆ ಉಲ್ಕೆ ಬಡಿದ ಕಲ್ಲಿನಲ್ಲಿ ಇರಬೇಕಾದ ಒತ್ತಡದ ಗುರುತುಗಳು ಸಿಗದ ಕಾರಣ ಹಲವರು ಒಪ್ಪಿಲ್ಲ. 2007ರಲ್ಲಿ ಸುಡಾನಿನ ಉತ್ತರ ಡಾರ್ಫರ್‌ನಲ್ಲಿ 30,000 ಚದರ ಕಿಲೋಮೀಟರ್ ಮೀರಿದ ಪುರಾತನ ಕೆರೆಯ ದಡವನ್ನು ರಾಡಾರ್ ಚಿತ್ರಗಳಲ್ಲಿ ಗುರುತಿಸಿದರು. ಅಲ್ಲಿ ಆಗ ಭೀಕರ ಸಂಘರ್ಷ. ಸಾವಿರ ಬಾವಿ ತೋಡೋಣ, ನೀರಿನ ಜಗಳವಾದರೂ ತಣ್ಣಗಾಗಲಿ ಎಂದು ಅವರು ಕರೆ ಕೊಟ್ಟರು. ಪತ್ರಿಕೆಗಳು ಭೂಗತ ಮಹಾಸರೋವರ ಸಿಕ್ಕಿತು ಎಂಬಂತೆ ಬರೆದವು. ಕೆರೆ ಬತ್ತಿ ಸಾವಿರಾರು ವರ್ಷವಾಗಿದೆ, ಕೆಳಗೆ ನೀರಿದೆಯೋ ಇಲ್ಲವೋ ಕೊರೆದೇ ನೋಡಬೇಕು ಎಂದು ಬೇರೆ ತಜ್ಞರು ಎಚ್ಚರಿಸಿದರು. ನನಗೂ ಅದೇ ಅನಿಸುತ್ತದೆ. ಮೇಲಿಂದ ಕಂಡದ್ದನ್ನು ಬೇಗ ಘೋಷಿಸುವ ಸ್ವಭಾವ ಅವರದು. ಆ ಸ್ವಭಾವ ಇಲ್ಲದಿದ್ದರೆ ಪೂರ್ವ ಉವೈನಾತ್‌ನಲ್ಲಿ ಕೊರೆಯಿರಿ ಎಂದು ಒಬ್ಬ ಅಧ್ಯಕ್ಷರಿಗೆ ಹೇಳುವ ಧೈರ್ಯವೂ ಬರುತ್ತಿರಲಿಲ್ಲವೇನೋ.

ಅಮೆರಿಕದ ಭೂವಿಜ್ಞಾನ ಸಂಘ ಮರುಭೂಮಿ ಸಂಶೋಧನೆಗೆ ಅವರ ಹೆಸರಿನಲ್ಲೇ ಒಂದು ಪ್ರಶಸ್ತಿ ಕೊಡುತ್ತಿದೆ. ಇನ್ನು ಪ್ರಶ್ನೆಗಳು.

ಪ್ರಶ್ನೆ: ನಮ್ಮ ಥಾರ್‌ನಲ್ಲಿ ಇಂಥ ಕೆಲಸ ಆಗಿದೆಯಾ ಸರ್?

ಆಗಿದೆ, ಅದೂ ಅದೇ ಕಾಲದಲ್ಲಿ. ಜೋಧಪುರದ ಶುಷ್ಕ ವಲಯ ಸಂಶೋಧನಾ ಸಂಸ್ಥೆಯ ಘೋಷ್, ಕರ್ ಮತ್ತು ಹುಸೇನ್ ಅಮೆರಿಕದ ಉಪಗ್ರಹ ಸರಣಿಯಾದ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಇಟ್ಟುಕೊಂಡು, ಥಾರ್‌ನ ಮರಳಿನ ಕೆಳಗೆ ಹೂತ ಹಳೇ ನದಿಪಾತ್ರಗಳ ಬಗ್ಗೆ 1979ರಲ್ಲೇ ಬರೆದರು. ಸರಸ್ವತಿಯ ಹೆಸರು ಬಂದ ಕೂಡಲೇ ವಾದ ಬೇರೆ ಕಡೆ ಹೋಗುತ್ತದೆ, ಈಗ ಅದು ಬೇಡ. ಜೈಸಲ್ಮೇರ್ ಕಡೆ ಲಾಠಿ ಎಂಬ ಮರಳುಗಲ್ಲಿನಲ್ಲಿ ಒಳ್ಳೆ ನೀರಿದೆ. ನೂಬಿಯನ್ ಕಲ್ಲಿನ ಜೊತೆ ಹೋಲಿಸಿ ಓದಲು ಅದು ಒಳ್ಳೆಯ ಜಾಗ. ಅದರಲ್ಲೂ ಎತ್ತುವುದು ಜಾಸ್ತಿ, ತುಂಬುವುದು ಕಮ್ಮಿ ಎಂಬ ಸಮಸ್ಯೆ ಇದ್ದೇ ಇದೆ.

ಪ್ರಶ್ನೆ: ನಾವು ಇಲ್ಲಿ ಕೂತು ಮರುಭೂಮಿ ಓದುವುದು ಹೇಗೆ?

ಬಾಜ್ ಕೂಡ ಚಂದ್ರನಿಗೆ ಹೋಗಿರಲಿಲ್ಲವಲ್ಲ! ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಪುಕ್ಕಟೆ. ಮೊದಲು ಕುಫ್ರಾ ಹುಡುಕಿ, ಹಸಿರು ವೃತ್ತಗಳು ತಕ್ಷಣ ಕಾಣುತ್ತವೆ. ಅಲ್ಲಿಂದ ಪೂರ್ವಕ್ಕೆ ಗಿಲ್ಫ್ ಕೆಬೀರ್ ಕಡೆ ನಿಧಾನವಾಗಿ ಬನ್ನಿ. ಬರೀ ಮರಳು ಕಾಣುತ್ತದೆ. ಆಮೇಲೆ ಅದೇ ಜಾಗದ ರಾಡಾರ್ ಚಿತ್ರ ತೆಗೆದು ಪಕ್ಕದಲ್ಲಿಟ್ಟು ನೋಡಿ. 2025ರ ಜುಲೈನಲ್ಲಿ ಶ್ರೀಹರಿಕೋಟದಿಂದ ಹಾರಿದ, ನಾಸಾ ಮತ್ತು ಇಸ್ರೋ ಸೇರಿ ಮಾಡಿದ ನೈಸಾರ್ ಉಪಗ್ರಹದಲ್ಲಿರುವ ಎರಡು ರಾಡಾರ್‌ಗಳಲ್ಲಿ ಒಂದರ ಅಲೆಯ ಉದ್ದ 24 ಸೆಂಟಿಮೀಟರ್. 1981ರ ಷಟಲ್ ರಾಡಾರ್‌ನದಕ್ಕೆ ಹೆಚ್ಚುಕಡಿಮೆ ಸಮ. ಆ ಉಪಗ್ರಹವನ್ನು ಜೋಡಿಸಿದ್ದು ನಮ್ಮ ಬೆಂಗಳೂರಿನಲ್ಲಿ. ಅದರ ಮಾಹಿತಿಯನ್ನೂ ಎಲ್ಲರಿಗೂ ಪುಕ್ಕಟೆ ಕೊಡುವುದು ಎಂದು ಯೋಜನೆ ಮಾಡುವಾಗಲೇ ತೀರ್ಮಾನವಾಗಿದೆ. ಕಂಪ್ಯೂಟರ್ ಲ್ಯಾಬ್ ಎಷ್ಟು ಹೊತ್ತಿನವರೆಗೆ ತೆಗೆದಿರುತ್ತದೆ ಎನ್ನುವುದನ್ನು ಮಾತ್ರ ನಿಮ್ಮ ಪ್ರಾಂಶುಪಾಲರನ್ನೇ ಕೇಳಬೇಕು.